ಹದಿಹರೆಯದ ಮಗಳು ಮತ್ತು ಮೈಮೇಲಿನ ರೋಮ: ಕುಟುಂಬವು ತಿಳಿದಿರಬೇಕಾದ ಸಂಗತಿಗಳು

ಹದಿಮೂರು ವರ್ಷದ ಬಾಲಕಿಯೊಬ್ಬಳು ಬೇಸಿಗೆಯ ದಿನಗಳಲ್ಲಿಯೂ ಪೂರ್ಣ ತೋಳಿನ ಸ್ವೆಟರನ್ನು ತೆಗೆಯಲು ಒಪ್ಪುವುದಿಲ್ಲ. ಆಟದ ಅವಧಿಯಲ್ಲಿ ಹೊಟ್ಟೆನೋವಿನ ನೆಪ ಹೇಳಿ ತರಗತಿಯಲ್ಲಿಯೇ ಕುಳಿತಿರುತ್ತಾಳೆ. ತಾಯಿ ಹಲವು ಬಾರಿ ಕೇಳಿದ ಮೇಲೆ ಕಾರಣ ಹೊರಬರುತ್ತದೆ: ಕೈಕಾಲುಗಳ ಮೇಲಿನ ಕೂದಲನ್ನು ಕಂಡು ಸಹಪಾಠಿಗಳು ನಕ್ಕಿದ್ದಾರೆ. "ಅಮ್ಮ, ನನಗೂ ಪಾರ್ಲರಿನಲ್ಲಿ ವ್ಯಾಕ್ಸಿಂಗ್ ಮಾಡಿಸು" ಎಂದು ಆಕೆ ಬೇಡುತ್ತಾಳೆ. ಊರಿನಿಂದ ಬಂದಿರುವ ಅಜ್ಜಿ, "ಇಷ್ಟು ಸಣ್ಣ ಹುಡುಗಿಗೆ ಅದೆಲ್ಲ ಏತಕ್ಕೆ? ಕಡಲೆಹಿಟ್ಟು, ಅರಿಶಿನ ಹಚ್ಚಿ ತಿಕ್ಕಿದರೆ ಸಾಕು" ಎನ್ನುತ್ತಾರೆ. ತಂದೆ ಇದು ಹೆಂಗಸರ ವಿಷಯವೆಂದು ಸುಮ್ಮನಾಗುತ್ತಾರೆ. ತಾಯಿಗೆ ಏನು ಉತ್ತರ ಕೊಡಬೇಕೆಂದು ತೋಚುವುದಿಲ್ಲ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇಂತಹ ಸನ್ನಿವೇಶ ಅಪರಿಚಿತವೇನಲ್ಲ. ತಾಯಿ ಬೆಳೆದ ಊರಿನಲ್ಲಿ ಈ ಪ್ರಶ್ನೆಯೇ ಎದ್ದಿರಲಿಕ್ಕಿಲ್ಲ. ಮಗಳಾದರೋ ನಾನಾ ಪ್ರಾಂತಗಳ, ನಾನಾ ಸಂಪ್ರದಾಯಗಳ ಮಕ್ಕಳೊಡನೆ ಓದುತ್ತಾಳೆ. ಗುಟ್ಟಾಗಿ ಕೇಳಿ ತಿಳಿಯಲು ಚಿಕ್ಕಮ್ಮನಾಗಲಿ, ಸೋದರತ್ತೆಯಾಗಲಿ ಹತ್ತಿರದಲ್ಲಿರುವುದಿಲ್ಲ. ಆದುದರಿಂದ ಬಾಲಕಿಯು ಗೆಳತಿಯರ ಮಾತು ಮತ್ತು ಜಾಹೀರಾತುಗಳನ್ನು ನಂಬುತ್ತಾಳೆ. ಇಲ್ಲವೇ ಯಾರಿಗೂ ಹೇಳದೆ ತಂದೆಯ ಬ್ಲೇಡನ್ನು ಕೈಗೆತ್ತಿಕೊಳ್ಳುತ್ತಾಳೆ. ವಿಷಯ ಚಿಕ್ಕದೆಂದು ತೋರಿದರೂ ಇದರಲ್ಲಿ ಬಾಲಕಿಯ ಆರೋಗ್ಯ, ಆತ್ಮಗೌರವ ಹಾಗೂ ಪಾಲಕರ ಮೇಲೆ ಆಕೆ ಇಟ್ಟಿರುವ ವಿಶ್ವಾಸ, ಈ ಮೂರೂ ಅಡಗಿವೆ.

ರೋಮ ಬೆಳೆಯುವ ಬಗೆ

ಅಂಗೈ, ಅಂಗಾಲು, ತುಟಿಗಳಂತಹ ಕೆಲವೇ ಭಾಗಗಳನ್ನು ಬಿಟ್ಟರೆ ಮನುಷ್ಯನ ಚರ್ಮದಲ್ಲೆಲ್ಲ ರೋಮಕೂಪಗಳಿವೆ. ಇವು ಶಿಶುವು ಗರ್ಭದಲ್ಲಿರುವಾಗಲೇ ರೂಪುಗೊಳ್ಳುತ್ತವೆ. ಜನನದ ಅನಂತರ ಹೊಸದಾಗಿ ಹುಟ್ಟುವುದಿಲ್ಲ. ಬಾಲ್ಯದಲ್ಲಿ ಇವುಗಳಿಂದ ಹೊರಡುವ ರೋಮ ಮೃದುವಾಗಿದ್ದು, ಬಣ್ಣ ತೆಳುವಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಬಾಲಕಿಯರಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷಗಳ ನಡುವೆ ಪ್ರೌಢಾವಸ್ಥೆಯ ಬದಲಾವಣೆಗಳು ಆರಂಭವಾಗುತ್ತವೆ. ಮೂತ್ರಪಿಂಡಗಳ ಮೇಲಿರುವ ಅಡ್ರೀನಲ್ ಗ್ರಂಥಿಗಳು ಮತ್ತು ಅಂಡಾಶಯಗಳು ಆಂಡ್ರೊಜೆನ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತವೆ. ಇವನ್ನು ಪುರುಷ ಹಾರ್ಮೋನುಗಳೆಂದು ಕರೆಯುವ ರೂಢಿಯಿದ್ದರೂ ಸ್ತ್ರೀಯರ ದೇಹದಲ್ಲಿಯೂ ಇವು ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಇವುಗಳ ಪ್ರಭಾವದಿಂದ ಕಂಕುಳು ಹಾಗೂ ಜನನೇಂದ್ರಿಯದ ಸುತ್ತಲಿನ ಮೃದು ರೋಮವು ದಪ್ಪವೂ ಕಪ್ಪೂ ಆಗುತ್ತದೆ. ಕೈಕಾಲುಗಳ ರೋಮವೂ ಮೊದಲಿಗಿಂತ ಎದ್ದು ಕಾಣತೊಡಗುತ್ತದೆ. ಇದು ದೇಹವು ಕ್ರಮವಾಗಿ ಬೆಳೆಯುತ್ತಿರುವುದರ ಲಕ್ಷಣವೇ ಹೊರತು ರೋಗವಲ್ಲ, ಕೊಳೆಯೂ ಅಲ್ಲ.

ಯಾರಿಗೆ ಎಷ್ಟು ರೋಮ ಎಂಬುದು ಬಹುಮಟ್ಟಿಗೆ ವಂಶದಿಂದ ಬರುವ ಗುಣ. 1961ರಲ್ಲಿ ಫೆರಿಮನ್ ಮತ್ತು ಗಾಲ್ವೆ ಎಂಬ ಬ್ರಿಟಿಷ್ ವೈದ್ಯರು ಸ್ತ್ರೀಯರ ದೇಹದ ವಿವಿಧ ಭಾಗಗಳ ರೋಮಕ್ಕೆ ಅಂಕ ಕೊಟ್ಟು ಅಳೆಯುವ ಪದ್ಧತಿಯೊಂದನ್ನು ರೂಪಿಸಿದರು. ಈ ಪದ್ಧತಿಯನ್ನು ವೈದ್ಯರು ಇಂದಿಗೂ ಬಳಸುತ್ತಾರಾದರೂ, ಎಲ್ಲ ಜನಾಂಗಗಳಿಗೂ ಒಂದೇ ಮಿತಿ ಅನ್ವಯಿಸುವುದಿಲ್ಲವೆಂಬುದು ಮುಂದೆ ಸ್ಪಷ್ಟವಾಯಿತು. ಪೂರ್ವ ಏಷ್ಯಾದ ಸ್ತ್ರೀಯರಲ್ಲಿ ರೋಮ ಕಡಿಮೆ. ದಕ್ಷಿಣ ಏಷ್ಯಾ ಹಾಗೂ ಮೆಡಿಟರೇನಿಯನ್ ಪ್ರದೇಶದ ಸ್ತ್ರೀಯರಲ್ಲಿ ಹೆಚ್ಚು. ಹೀಗಿರುವಾಗ ಚಿತ್ರಪಟಗಳಲ್ಲಿ ಕಾಣುವ ನುಣುಪಾದ ತೋಳುಗಳೊಡನೆ ತನ್ನ ತೋಳನ್ನು ಹೋಲಿಸಿಕೊಂಡು ಬಾಲಕಿಯು ಕುಗ್ಗಬೇಕಾದ ಕಾರಣವಿಲ್ಲ. ಆ ಚಿತ್ರದಲ್ಲಿರುವವರ ತೋಳೂ ಹುಟ್ಟಿನಿಂದ ಹಾಗಿರುವುದಿಲ್ಲ.

ಬದಲಾಗುತ್ತಿರುವ ಸೌಂದರ್ಯದ ಕಲ್ಪನೆ

ಸ್ತ್ರೀಯ ದೇಹದಲ್ಲಿ ರೋಮ ಕಾಣಬಾರದೆಂಬುದು ಎಲ್ಲ ಕಾಲಕ್ಕೂ ಸಲ್ಲುವ ನಿಯಮವಲ್ಲ. ಸಂಸ್ಕೃತ ಹಾಗೂ ಹಳಗನ್ನಡದ ಕಾವ್ಯಗಳಲ್ಲಿ ಹೊಕ್ಕುಳ ಬಳಿಯ ಸೂಕ್ಷ್ಮ ರೋಮದ ಸಾಲನ್ನು ರೋಮರಾಜಿಯೆಂದೂ ಬಾಸೆಯೆಂದೂ ಕರೆದು ಸ್ತ್ರೀಸೌಂದರ್ಯದ ಲಕ್ಷಣಗಳಲ್ಲಿ ಒಂದನ್ನಾಗಿ ವರ್ಣಿಸಲಾಗಿದೆ. ಅಂದಿನ ಕವಿಗಳು ಚೆಲುವೆಂದು ಕಂಡದ್ದನ್ನು ಇಂದಿನ ಜಾಹೀರಾತು ಕೊರತೆಯೆಂದು ತೋರಿಸುತ್ತದೆ.

ಆಧುನಿಕ ರೂಢಿಯ ಹಿಂದೆ ವ್ಯಾಪಾರದ ಪಾತ್ರವೂ ಇದೆ. ಅಮೆರಿಕದಲ್ಲಿ ತೋಳಿಲ್ಲದ ಉಡುಪುಗಳು ಪ್ರಚಾರಕ್ಕೆ ಬಂದ ಕಾಲದಲ್ಲಿ, 1915ರಲ್ಲಿ, ಜಿಲೆಟ್ ಸಂಸ್ಥೆಯು ಸ್ತ್ರೀಯರಿಗಾಗಿಯೇ ಮಿಲೇಡಿ ಡೆಕೊಲ್ಟೆ ಎಂಬ ರೇಜರನ್ನು ಮಾರುಕಟ್ಟೆಗೆ ತಂದಿತು. ಕಂಕುಳಿನ ರೋಮವನ್ನು ಮುಜುಗರದ ವಸ್ತುವೆಂದು ಬಿಂಬಿಸುವ ಜಾಹೀರಾತುಗಳು ಆ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡವು.

ಧಾರ್ಮಿಕ ಸಂಪ್ರದಾಯಗಳಲ್ಲಿಯೂ ಏಕರೂಪತೆಯಿಲ್ಲ. ಸಿಖ್ ಧರ್ಮದಲ್ಲಿ ಕೇಶವನ್ನು ಕತ್ತರಿಸದೆ ಉಳಿಸಿಕೊಳ್ಳುವುದು ಪವಿತ್ರ ಕರ್ತವ್ಯ. ಮುಸ್ಲಿಂ ಸಂಪ್ರದಾಯದಲ್ಲಿ ಕಂಕುಳು ಮುಂತಾದ ಕಡೆ ರೋಮ ತೆಗೆಯುವುದು ದೇಹಶುದ್ಧಿಯ ಭಾಗ. ಒಂದೇ ಬೆಂಚಿನ ಮೇಲೆ ಕುಳಿತಿರುವ ಗೆಳತಿಯರ ಮನೆಗಳಲ್ಲಿ ಬೇರೆ ಬೇರೆ ರೂಢಿಗಳಿರಬಹುದೆಂದು ಮಗಳಿಗೆ ತಿಳಿಸಿದರೆ, ತನ್ನ ಮನೆಯ ರೂಢಿಯೊಂದೇ ವಿಚಿತ್ರವೆಂಬ ಭಾವನೆ ಕಡಿಮೆಯಾಗುತ್ತದೆ.

ಆದರೆ ಸಮಾಜದ ಮಾತು ನೋಯಿಸುವುದಿಲ್ಲವೆಂದು ಹೇಳಲಾಗದು. 2024ರ ಏಪ್ರಿಲ್ ತಿಂಗಳಿನಲ್ಲಿ ಉತ್ತರ ಪ್ರದೇಶದ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದಾಗ ಇಡೀ ರಾಜ್ಯಕ್ಕೆ ಪ್ರಥಮ ಸ್ಥಾನ ಗಳಿಸಿದ ಬಾಲಕಿಯು 600ಕ್ಕೆ 591 ಅಂಕಗಳನ್ನು ಪಡೆದಿದ್ದಳು. ಆಕೆಯ ಭಾವಚಿತ್ರ ಪ್ರಕಟವಾದೊಡನೆ ಸಾಮಾಜಿಕ ಜಾಲತಾಣಗಳಲ್ಲಿ ಅನೇಕರು ಆಕೆಯ ಮುಖದ ಮೇಲಿನ ರೋಮವನ್ನು ಅಪಹಾಸ್ಯ ಮಾಡಿದರು. ಆಕೆಯ ಪರವಾಗಿಯೂ ಬಹಳ ಜನ ನಿಂತರೆಂಬುದು ಸಮಾಧಾನದ ಸಂಗತಿ. ಅಷ್ಟು ದೊಡ್ಡ ಸಾಧನೆಯೂ ಒಬ್ಬ ಬಾಲಕಿಯನ್ನು ಇಂತಹ ಮಾತಿನಿಂದ ಕಾಪಾಡದಿದ್ದ ಮೇಲೆ, "ಯಾರು ಏನಂದರೇನು, ಓದಿನ ಕಡೆ ಗಮನ ಕೊಡು" ಎಂಬ ಉಪದೇಶವೊಂದೇ ಸಾಲದೆಂಬುದು ಪಾಲಕರಿಗೆ ಮನದಟ್ಟಾಗಬೇಕು.

ಕೆಲವು ತಪ್ಪು ತಿಳಿವಳಿಕೆಗಳು

ಬ್ಲೇಡು ತಾಗಿದರೆ ಕೂದಲು ದಪ್ಪನಾಗಿ, ಹೆಚ್ಚಾಗಿ ಬೆಳೆಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅಮೆರಿಕದ ಅಂಗರಚನಾ ಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಪ್ರಕಟಿಸಿದ ಅಧ್ಯಯನದಲ್ಲಿ ಗಡ್ಡ ಹೆರೆಯುವುದರಿಂದ ಕೂದಲಿನ ದಪ್ಪವಾಗಲಿ, ಬೆಳೆಯುವ ವೇಗವಾಗಲಿ ಹೆಚ್ಚುವುದಿಲ್ಲವೆಂದು ಕಂಡುಬಂದಿತು. 1970ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಐವರು ಯುವಕರ ಒಂದು ಕಾಲಿನ ರೋಮವನ್ನು ವಾರಕ್ಕೊಮ್ಮೆ ಹೆರೆದು, ಮತ್ತೊಂದು ಕಾಲನ್ನು ಹಾಗೆಯೇ ಬಿಡಲಾಗಿತ್ತು. ಹಲವು ತಿಂಗಳುಗಳ ಅನಂತರವೂ ಎರಡು ಕಾಲುಗಳ ರೋಮದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸಹಜ ಕೂದಲಿನ ತುದಿ ಚೂಪಾಗಿರುತ್ತದೆ. ಹೆರೆದಾಗ ತುದಿ ಮೊಂಡಾಗುತ್ತದೆ. ಆ ಮೊಂಡುತುದಿ ಕೈಗೆ ಒರಟಾಗಿ ತಗಲುವುದರಿಂದ ಕೂದಲು ದಪ್ಪವಾದಂತೆ ಭಾಸವಾಗುತ್ತದೆ, ಅಷ್ಟೆ. ಹದಿಹರೆಯದಲ್ಲಿ ರೋಮ ತಾನಾಗಿಯೇ ದಪ್ಪವಾಗುತ್ತಿರುವುದರಿಂದ ಆ ಬದಲಾವಣೆಯನ್ನೂ ಬ್ಲೇಡಿನ ಮೇಲೆ ಹೊರಿಸಲಾಗುತ್ತದೆ.

ಕಡಲೆಹಿಟ್ಟು, ಅರಿಶಿನಗಳ ಲೇಪನವು ನಮ್ಮ ಮನೆಗಳ ಹಳೆಯ ಪದ್ಧತಿ. ಒಣಗಿದ ಹಿಟ್ಟನ್ನು ಉಜ್ಜಿ ತೆಗೆಯುವಾಗ ಕೆಲವು ನವಿರಾದ ಕೂದಲುಗಳು ಕಿತ್ತುಬರಬಹುದಾದರೂ ಇದರಿಂದ ರೋಮ ಶಾಶ್ವತವಾಗಿ ಹೋಗುವುದಿಲ್ಲ. ಮಗಳು ಇಷ್ಟಪಟ್ಟರೆ ಅಜ್ಜಿಯ ಈ ಉಪಚಾರಕ್ಕೆ ಅಡ್ಡಿಯಿಲ್ಲ. ಬಲವಾಗಿ ತಿಕ್ಕಿ ಚರ್ಮ ಕೆಂಪಾಗುವಂತೆ ಮಾಡಬಾರದು.

ಕಂಕುಳು ಹಾಗೂ ಗುಪ್ತಾಂಗದ ರೋಮ ಅಶುಚಿಯ ಗುರುತೆಂಬುದೂ ಸರಿಯಲ್ಲ. ಈ ರೋಮವು ಚರ್ಮದ ಘರ್ಷಣೆಯನ್ನು ತಗ್ಗಿಸುತ್ತದೆ. ಪ್ರತಿದಿನದ ಸ್ನಾನ ಮತ್ತು ಶುಭ್ರವಾದ ಒಳಉಡುಪು ಶುಚಿತ್ವಕ್ಕೆ ಸಾಕು. ರೋಮ ತೆಗೆಯಲೇಬೇಕೆಂಬ ಆರೋಗ್ಯದ ನಿಯಮ ಯಾವುದೂ ಇಲ್ಲ.

ನಿರ್ಧಾರ ಯಾರದು?

ರೋಮವನ್ನು ತೆಗೆಯುವುದು ಆರೋಗ್ಯದ ಅಗತ್ಯವಲ್ಲ. ಸರಿಯಾದ ಕ್ರಮದಲ್ಲಿ ತೆಗೆದರೆ ದೊಡ್ಡ ಅಪಾಯವೂ ಇಲ್ಲ. ಆದಕಾರಣ ಇದು ವೈದ್ಯಕೀಯ ತೀರ್ಮಾನಕ್ಕಿಂತ ಹೆಚ್ಚಾಗಿ ತನ್ನ ದೇಹದ ಬಗೆಗೆ ಬಾಲಕಿಯು ತಾನೇ ಕೈಗೊಳ್ಳುವ ಮೊದಲ ತೀರ್ಮಾನಗಳಲ್ಲಿ ಒಂದು. ನಿರ್ಧಾರ ಅವಳದಾಗಿರಲಿ, ತಿಳಿವಳಿಕೆ ಮತ್ತು ಸುರಕ್ಷತೆಯನ್ನು ಒದಗಿಸುವ ಹೊಣೆ ಪಾಲಕರದಾಗಿರಲಿ.

ಪಾಲಕರು ಎರಡು ಬಗೆಯಲ್ಲಿ ಎಡವುವುದುಂಟು. ಮೊದಲನೆಯದು, ಕೇಳಿದ ಕೂಡಲೇ "ಬೇಡ" ಎಂದು ಬಾಯಿ ಮುಚ್ಚಿಸುವುದು. ಹಾಗೆ ಮಾಡಿದಾಗ ಆಸೆ ಅಳಿಯುವುದಿಲ್ಲ, ಮರೆಗೆ ಸರಿಯುತ್ತದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಒಣಚರ್ಮದ ಮೇಲೆ ಹಳೆಯ ಬ್ಲೇಡನ್ನು ಎಳೆದುಕೊಂಡು ಗಾಯ ಮಾಡಿಕೊಂಡ ಬಾಲಕಿಯು ಆ ಗಾಯವನ್ನೂ ತಾಯಿಗೆ ತೋರಿಸುವುದಿಲ್ಲ. ಮುಂದೆ ಇನ್ನೂ ಗಂಭೀರವಾದ ತೊಂದರೆ ಬಂದಾಗಲೂ ಆಕೆ ಮನೆಯಲ್ಲಿ ಬಾಯಿ ಬಿಡಲಾರಳು.

ಎರಡನೆಯದು, ಮಗಳು ಕೇಳದಿದ್ದರೂ ಒತ್ತಾಯಿಸುವುದು. ಬಂಧುಗಳ ಮದುವೆ ಹತ್ತಿರ ಬಂದಿತೆಂದೋ, ನೆರೆಯವರು ಏನಾದರೂ ಅಂದಾರೆಂದೋ ತಾಯಿಯೇ ಮುಂದಾಗಿ ಪಾರ್ಲರಿಗೆ ಕರೆದೊಯ್ದರೆ, ತನ್ನ ದೇಹ ಇದ್ದಂತೆ ಒಪ್ಪತಕ್ಕದ್ದಲ್ಲವೆಂಬ ಪಾಠವನ್ನು ಮಗಳು ಮನೆಯಲ್ಲಿಯೇ ಕಲಿಯುತ್ತಾಳೆ. ಮನೆಯವರು ಅಕ್ಕರೆಯಿಂದಲೇ "ಕರಡಿಮರಿ" ಎಂದು ಕರೆದರೂ ಹದಿಹರೆಯದ ಮನಸ್ಸಿಗೆ ಅದು ಅಕ್ಕರೆಯಾಗಿ ಕೇಳಿಸುವುದಿಲ್ಲ. ಅಣ್ಣತಮ್ಮಂದಿರ ಇಂತಹ ಪರಿಹಾಸ್ಯವನ್ನು ತಂದೆಯು ಅಲ್ಲಿಯೇ ತಡೆಯಬೇಕು. ಇದು ತಂದೆಯು ಮೌನವಾಗಿರಬೇಕಾದ ವಿಷಯವಲ್ಲ.

ಇವೆರಡಕ್ಕೂ ಬದಲಾಗಿ ತಾಯಿಯು ಮಗಳನ್ನು ಏಕಾಂತದಲ್ಲಿ ಕೂರಿಸಿಕೊಂಡು, "ನಿನಗೆ ಹೀಗೇಕೆ ಅನಿಸಿತು, ಪುಟ್ಟಿ? ಯಾರಾದರೂ ಏನಾದರೂ ಅಂದರೇ?" ಎಂದು ಕೇಳಿ, ಪೂರ್ತಿಯಾಗಿ ಆಲಿಸುವುದು ಲೇಸು. ಅಪಹಾಸ್ಯವೇ ಕಾರಣವಾಗಿದ್ದರೆ ಮಗಳ ಕೂದಲನ್ನು ತೆಗೆಸಿದ ಮಾತ್ರಕ್ಕೆ ತೊಂದರೆ ಮುಗಿಯುವುದಿಲ್ಲ. ತರಗತಿಯ ಶಿಕ್ಷಕಿಯೊಡನೆ ಮಾತನಾಡಿ ಕೀಟಲೆಯನ್ನು ನಿಲ್ಲಿಸುವುದು ಅಗತ್ಯ. ರೋಮದ ಸ್ವರೂಪ, ತೆಗೆಯುವ ವಿಧಾನಗಳು, ಖರ್ಚು, ನೋವು, ಮತ್ತೆ ಮತ್ತೆ ಮಾಡಬೇಕಾಗುವ ಶ್ರಮ, ಇವನ್ನೆಲ್ಲ ವಿವರಿಸಿದ ಮೇಲೆ ಯೋಚಿಸಲು ಒಂದೆರಡು ವಾರಗಳ ಅವಕಾಶ ಕೊಡಬಹುದು. ತೆಗೆಯುವುದು ಬೇಡವೆಂದು ಮಗಳು ನಿರ್ಧರಿಸಿದರೆ ಅದನ್ನೂ, ಬೇಕೆಂದರೆ ಅದನ್ನೂ ಮನೆಯವರು ಗೌರವಿಸಬೇಕು. ಇಂದು ಆರಂಭಿಸಿದ್ದನ್ನು ನಾಳೆ ನಿಲ್ಲಿಸಬಹುದೆಂಬುದೂ ಆಕೆಗೆ ತಿಳಿದಿರಬೇಕು. ಇದಕ್ಕೆ ಇಷ್ಟೇ ವಯಸ್ಸಾಗಿರಬೇಕೆಂಬ ಕಟ್ಟುನಿಟ್ಟಿಲ್ಲ. ಬಾಲಕಿಯು ತಾನಾಗಿ ಕೇಳುವಷ್ಟು, ಸೂಚನೆಗಳನ್ನು ಅರಿತು ಪಾಲಿಸುವಷ್ಟು ಬೆಳೆದಿದ್ದರೆ ಸರಳ ವಿಧಾನಗಳನ್ನು ಪರಿಗಣಿಸಬಹುದು.

ವಿಧಾನಗಳು ಮತ್ತು ಎಚ್ಚರಿಕೆಗಳು

ಕತ್ತರಿಸುವುದು: ಚಿಕ್ಕ ಕತ್ತರಿಯಿಂದ ಅಥವಾ ಟ್ರಿಮ್ಮರಿನಿಂದ ರೋಮವನ್ನು ಗಿಡ್ಡಗೊಳಿಸುವುದು ಸುಲಭವೂ ಸುರಕ್ಷಿತವೂ ಆದ ವಿಧಾನ. ಗುಪ್ತಾಂಗದ ಸುತ್ತ ಏನಾದರೂ ಮಾಡಲೇಬೇಕೆನಿಸಿದರೆ ಇದಿಷ್ಟೇ ಸಾಕು.

ರೇಜರ್: ಬೆಚ್ಚಗಿನ ನೀರಿನಿಂದ ಚರ್ಮವನ್ನು ನೆನೆಸಿ, ಸೋಪಿನ ನೊರೆ ಹಚ್ಚಿ, ಕೂದಲು ಬೆಳೆದಿರುವ ದಿಕ್ಕಿನಲ್ಲಿ ಹಗುರವಾಗಿ ಎಳೆಯಬೇಕು. ಬ್ಲೇಡು ಹೊಸದಾಗಿರಬೇಕು. ಒಬ್ಬರ ರೇಜರನ್ನು ಇನ್ನೊಬ್ಬರು, ತಾಯಿಮಗಳೇ ಆಗಿದ್ದರೂ, ಬಳಸಕೂಡದು. ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ಮುಂತಾದ ಸೋಂಕುಗಳಿಗೆ ಅದು ದಾರಿಯಾಗಬಹುದು.

ಕ್ರೀಮು: ರೋಮನಾಶಕ ಕ್ರೀಮುಗಳಲ್ಲಿರುವ ಥಯೊಗ್ಲೈಕೊಲೇಟ್ ಲವಣಗಳು ಕೂದಲಿನ ಕೆರಾಟಿನ್ ಎಂಬ ಪ್ರೋಟೀನನ್ನು ಸಡಿಲಗೊಳಿಸುತ್ತವೆ. ಚರ್ಮದಲ್ಲಿಯೂ ಇದೇ ಪ್ರೋಟೀನು ಇರುವುದರಿಂದ ಹೆಚ್ಚು ಹೊತ್ತು ಬಿಟ್ಟರೆ ಸುಟ್ಟ ಗಾಯವಾಗುತ್ತದೆ. ಮೊದಲು ಚರ್ಮದ ಒಂದು ಚಿಕ್ಕ ಭಾಗಕ್ಕೆ ಹಚ್ಚಿ, ಒಂದು ದಿನ ಕಾದು ನೋಡಬೇಕು. ಪೊಟ್ಟಣದ ಮೇಲೆ ಸೂಚಿಸಿರುವ ಅವಧಿಯನ್ನು ಮೀರಬಾರದು. ಕಣ್ಣಿನ ಸುತ್ತ ಹಾಗೂ ಗಾಯಗಳ ಮೇಲೆ ಹಚ್ಚಬಾರದು.

ವ್ಯಾಕ್ಸಿಂಗ್ ಮತ್ತು ಥ್ರೆಡಿಂಗ್: ಕೂದಲು ಬುಡಸಮೇತ ಬರುವುದರಿಂದ ಕೆಲವು ವಾರಗಳ ಕಾಲ ಮತ್ತೆ ಕಾಣಿಸದು. ಆದರೆ ನೋವುಂಟು, ಮೇಣವು ಅತಿ ಬಿಸಿಯಾಗಿದ್ದರೆ ಚರ್ಮ ಸುಡುತ್ತದೆ, ರೋಮಕೂಪಗಳಲ್ಲಿ ಕೆಂಪು ಗುಳ್ಳೆಗಳು ಏಳಬಹುದು, ಕೂದಲು ಚರ್ಮದ ಒಳಗೇ ಸುತ್ತಿಕೊಂಡು ಬೆಳೆಯಬಹುದು. ಪಾರ್ಲರಿನಲ್ಲಿ ಮೇಣ ಹಚ್ಚುವ ಪಟ್ಟಿಗಳು ಹಾಗೂ ದಾರ ಹೊಸದಾಗಿರುವುದನ್ನು ತಾಯಿ ಗಮನಿಸಬೇಕು. ಮೊಡವೆಗಾಗಿ ಐಸೊಟ್ರೆಟಿನಾಯಿನ್ ಎಂಬ ಔಷಧವನ್ನು ಸೇವಿಸುತ್ತಿರುವವರಿಗೆ ವ್ಯಾಕ್ಸಿಂಗ್ ಸಲ್ಲದು. ಅವರ ಚರ್ಮ ಕಿತ್ತುಬರುವ ಅಪಾಯವಿದೆ.

ಬ್ಲೀಚ್: ಇದು ರೋಮವನ್ನು ತೆಗೆಯುವುದಿಲ್ಲ, ಹೈಡ್ರೊಜನ್ ಪೆರಾಕ್ಸೈಡಿನ ಸಹಾಯದಿಂದ ಅದರ ಬಣ್ಣವನ್ನು ತಿಳಿಗೊಳಿಸುತ್ತದೆ. ಕೆಲವರಿಗೆ ಉರಿ, ತುರಿಕೆ ಉಂಟಾಗುವುದರಿಂದ ಇಲ್ಲಿಯೂ ಮೊದಲು ಪರೀಕ್ಷಿಸಿ ನೋಡುವುದು ಅವಶ್ಯ.

ಲೇಸರ್: ಲೇಸರ್ ಕಿರಣವು ಕೂದಲಿನ ಕಪ್ಪು ವರ್ಣದ್ರವ್ಯವನ್ನು ಕಾಯಿಸಿ ಬುಡವನ್ನು ಹಾಳುಮಾಡುತ್ತದೆ. ಶ್ಯಾಮಲ ವರ್ಣದ ಚರ್ಮದಲ್ಲಿಯೂ ಅದೇ ವರ್ಣದ್ರವ್ಯ ಹೆಚ್ಚಾಗಿರುವುದರಿಂದ ಅನುಭವವಿಲ್ಲದವರ ಕೈಯಲ್ಲಿ ಸುಟ್ಟಗಾಯ, ಕಲೆಗಳು ಉಂಟಾಗಬಹುದು. ಹಲವು ಬಾರಿ ಮಾಡಿಸಬೇಕಾಗುತ್ತದೆ, ಖರ್ಚೂ ಹೆಚ್ಚು. ಹದಿಹರೆಯದಲ್ಲಿ ಹಾರ್ಮೋನುಗಳು ಇನ್ನೂ ಸ್ಥಿರಗೊಂಡಿರುವುದಿಲ್ಲವಾದ್ದರಿಂದ ರೋಮ ಮತ್ತೆ ಬೆಳೆಯುವ ಸಂಭವವಿದೆ. ಆತುರಪಡದೆ ಚರ್ಮರೋಗ ತಜ್ಞರ ಸಲಹೆ ಪಡೆದ ಮೇಲೆಯೇ ಇದನ್ನು ಯೋಚಿಸಬೇಕು.

ಯಾವುದೇ ಕ್ರೀಮನ್ನು ಕೊಳ್ಳುವಾಗ ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ, ಒಳಗೊಂಡಿರುವ ಪದಾರ್ಥಗಳ ಪಟ್ಟಿ ಇವೆಯೇ ಎಂದು ನೋಡಬೇಕು. ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಮಕ್ಕಳನ್ನು ಉದ್ದೇಶಿಸಿದ ಜಾಹೀರಾತುಗಳು ಅವರಿಗೆ ತಮ್ಮ ದೇಹದ ಬಗ್ಗೆ ಕೀಳುಭಾವನೆ ಬರುವಂತೆ ಇರಕೂಡದು. ಇಂತಹ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ರೋಮವು ಸಹಜವಾದುದಾದರೂ ಕೆಲವೊಮ್ಮೆ ಅದು ಒಳಗಿನ ತೊಂದರೆಯ ಸೂಚನೆಯಾಗಿರಬಹುದು. ಗಲ್ಲ, ಎದೆ, ಹೊಟ್ಟೆಯ ಕೆಳಭಾಗ ಮುಂತಾದೆಡೆ ದಪ್ಪನೆಯ ಕಪ್ಪು ಕೂದಲು ಹೆಚ್ಚುತ್ತಿದ್ದು, ಅದರೊಡನೆ ಮುಟ್ಟಿನ ಏರುಪೇರು, ತೀವ್ರವಾದ ಮೊಡವೆ, ತೂಕದ ಏರಿಕೆ ಇದ್ದರೆ ಅದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಪಿಸಿಓಎಸ್ ಎಂಬ ಸ್ಥಿತಿಯಾಗಿರಬಹುದು. ಸಂತಾನೋತ್ಪತ್ತಿಯ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಹತ್ತು ಮಂದಿಗೆ ಒಬ್ಬರಲ್ಲಿ ಕಂಡುಬರುವ ಈ ಸ್ಥಿತಿಯನ್ನು ಸ್ಟೈನ್ ಮತ್ತು ಲೆವೆಂತಾಲ್ ಎಂಬ ಅಮೆರಿಕದ ವೈದ್ಯರು 1935ರಲ್ಲಿ ವಿವರಿಸಿದರು.

ಮೊದಲ ಮುಟ್ಟಿನ ಅನಂತರದ ಒಂದು ವರ್ಷದಲ್ಲಿ ಏರುಪೇರು ಸಾಮಾನ್ಯ. ಆ ವರ್ಷ ಕಳೆದ ಮೇಲೆಯೂ 45 ದಿನಗಳಿಗಿಂತ ದೀರ್ಘವಾದ ಅಥವಾ 21 ದಿನಗಳಿಗಿಂತ ಕಡಿಮೆಯ ಅಂತರ ಮರುಕಳಿಸುತ್ತಿದ್ದರೆ, ಇಲ್ಲವೇ ಒಮ್ಮೆಯಾದರೂ 90 ದಿನಗಳು ಮೀರಿದರೆ ವೈದ್ಯರನ್ನು ಕಾಣಬೇಕು. ಹದಿಹರೆಯದವರಲ್ಲಿ ಕೇವಲ ಸ್ಕ್ಯಾನಿಂಗ್ ಆಧಾರದಿಂದ ಈ ಸ್ಥಿತಿಯನ್ನು ನಿರ್ಧರಿಸುವುದು ಸಲ್ಲದೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ತಿಳಿಸುತ್ತವೆ. ಎಂಟು ವರ್ಷ ತುಂಬುವ ಮೊದಲೇ ಕಂಕುಳು ಮುಂತಾದೆಡೆ ರೋಮ ಕಾಣಿಸಿಕೊಂಡರೆ ಪರೀಕ್ಷೆ ಮಾಡಿಸಬೇಕು. ಕೆಲವೇ ತಿಂಗಳುಗಳಲ್ಲಿ ರೋಮ ವೇಗವಾಗಿ ಹೆಚ್ಚಿ ಧ್ವನಿ ಗಡುಸಾದರೆ ತಡಮಾಡಲೇಬಾರದು. ಇಂತಹ ಸ್ಥಿತಿಯಲ್ಲಿ ರೋಮವನ್ನು ತೆಗೆಸಿ ಸುಮ್ಮನಾದರೆ ಸೂಚನೆಯನ್ನು ಅಳಿಸಿ ಕಾರಣವನ್ನು ಹಾಗೆಯೇ ಬಿಟ್ಟಂತಾಗುತ್ತದೆ.

ದೊರೆಯುವ ನೆರವು

ಕೇಂದ್ರ ಸರ್ಕಾರವು 2014ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದ ಸ್ನೇಹಿ ಚಿಕಿತ್ಸಾಲಯಗಳು ಕೆಲಸ ಮಾಡುತ್ತಿವೆ. ಅಲ್ಲಿ ಗೌಪ್ಯವಾಗಿ ಸಲಹೆ ಪಡೆಯಬಹುದು. ಅಪಹಾಸ್ಯದಿಂದ ಮನನೊಂದು ಶಾಲೆಗೆ ಹೋಗಲು ಹಿಂಜರಿಯುವ, ಊಟ ನಿದ್ರೆಗಳನ್ನು ಬಿಡುವ ಮಕ್ಕಳಿಗಾಗಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ ಸಂಪರ್ಕಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಪ್ರಮುಖ ಕೇಂದ್ರವಾಗಿದ್ದು, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಮಾತನಾಡುವ ಅನುಕೂಲವಿದೆ. ಪರಭಾಷೆಯ ಊರಿನಲ್ಲಿರುವ ಮಗುವಿಗೆ ಮನಸ್ಸಿನ ನೋವನ್ನು ಮನೆಯ ಮಾತಿನಲ್ಲಿಯೇ ಹೇಳಿಕೊಳ್ಳಲು ಇದರಿಂದ ಸಾಧ್ಯವಾಗುತ್ತದೆ.

ಆರಂಭದಲ್ಲಿ ಹೇಳಿದ ಮನೆಯ ತಾಯಿಯು ಮಗಳಿಗೆ ಕೊಡಬಹುದಾದ ಉತ್ತರ ಕಷ್ಟದ್ದೇನಲ್ಲ. "ನಿನ್ನ ಮೈಯಲ್ಲಿ ಯಾವ ಕೊರತೆಯೂ ಇಲ್ಲ, ಪುಟ್ಟಿ. ತೆಗೆಯಬೇಕೆಂದು ನಿನಗೇ ಅನಿಸಿದರೆ ಹೇಗೆ ತೆಗೆಯಬೇಕೆಂದು ನಾನು ತೋರಿಸುತ್ತೇನೆ. ಬೇಡವೆನಿಸಿದರೆ ಹಾಗೆಯೇ ಇರಲಿ." ಈ ಮೂರು ಮಾತುಗಳನ್ನು ಕೇಳಿದ ಬಾಲಕಿಯು ಕೂದಲನ್ನು ತೆಗೆದರೂ, ತೆಗೆಯದಿದ್ದರೂ ನಾಳೆ ಸ್ವೆಟರನ್ನು ಕಳಚಿಟ್ಟು ಆಟದ ಬಯಲಿಗೆ ಇಳಿಯಬಲ್ಲಳು.